ಗುಬ್ಬಿ ಕಡೆಯ ಅಡುಗೆಮನೆ

ನಮ್ಮ ಮನೆಯಲ್ಲಿ ಇಂಕು ಮುಗಿದ ಬಾಲ್‌ಪೆನ್ನನ್ನು ಯಾರೂ ಎಸೆಯುವಂತಿಲ್ಲ. ಟಿ.ವಿ. ಪಕ್ಕದ ಹಳೆಯ ಉಪ್ಪಿನಕಾಯಿ ಜಾಡಿಯಲ್ಲಿ ಅಂಥವು ಇಪ್ಪತ್ತು ಮೂವತ್ತು ನಿಂತಿರುತ್ತವೆ. ಮನೆಗೆ ಬಂದವರು ಫೋನ್ ನಂಬರ್ ಬರೆದುಕೊಳ್ಳಲು ಒಂದನ್ನು ಎತ್ತಿಕೊಂಡು, ಕಾಗದದ ಮೂಲೆಯಲ್ಲಿ ಗೀಚಿ, ಬಾಯಿಂದ ಊದಿ, ಅಂಗೈಯಲ್ಲಿ ಉಜ್ಜಿ, ಕೊನೆಗೆ ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ. ಅದೂ ಬರೆಯುವುದಿಲ್ಲ. ಮೂರನೆಯದಕ್ಕೆ ನನ್ನ ಮುಖ ನೋಡುತ್ತಾರೆ. "ಅವು ಬರೆಯೋಕಲ್ಲ, ಗೀರೋಕೆ" ಅನ್ನುತ್ತೇನೆ. ಹಾಗಾದರೆ ಬರೆಯುವ ಪೆನ್ನು ಎಲ್ಲಿದೆ ಎಂದು ಕೇಳಿದರೆ ನನಗೆ ಗೊತ್ತಿರುವುದಿಲ್ಲ.

ದಪ್ಪ ಕಾಗದವನ್ನು ಸುಮ್ಮನೆ ಮಡಚಿದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಮೊದಲು ಸ್ಟೀಲ್ ಸ್ಕೇಲಿಟ್ಟು, ಇಂಕಿಲ್ಲದ ಪೆನ್ನಿನ ಮೊನೆಯಿಂದ ಒತ್ತಿ ಒಂದು ಗೆರೆ ಎಳೆದರೆ ಆಮೇಲೆ ಕಾಗದ ಹೇಳಿದ ಹಾಗೆ ಕೇಳುತ್ತದೆ. ಸಾಲದ್ದಕ್ಕೆ ನಮ್ಮ ಯಜಮಾನರು ನಮ್ಮ ಬಡಾವಣೆ ಬಟವಾಡಿಯ ಅಂಗಡಿಯವರಿಗೆಲ್ಲ ಹೇಳಿಟ್ಟಿದ್ದಾರೆ. ಮೆಡಿಕಲ್ ಸ್ಟೋರಿನವನು, ಝೆರಾಕ್ಸ್ ಅಂಗಡಿಯವನು ಎಲ್ಲರೂ ಸತ್ತ ಪೆನ್ನುಗಳನ್ನು ಎತ್ತಿಟ್ಟು ಕೊಡುತ್ತಾರೆ. ನಮ್ಮ ಮನೆಯವರಿಗೆ ಏನೋ ಆಗಿದೆ ಎಂದು ಅವರು ಅಂದುಕೊಂಡಿರಬಹುದು, ಆದರೆ ಬಾಯಿಬಿಟ್ಟು ಹೇಳಿಲ್ಲ.

ನಾನು ಮಾಡುವ ಕೆಲಸವನ್ನು ವಿವರಿಸುವುದೇ ಒಂದು ಕಷ್ಟ. ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು ಕೇಳುತ್ತಾರೆ: "ರಿಟೈರ್ ಆದ್ಮೇಲೆ ಏನ್ ಮಾಡ್ತಿದೀರಾ?" ನಾನು, "ಮನೆ ಡಿಸೈನ್ ಮಾಡ್ತೀನಿ" ಅನ್ನುತ್ತೇನೆ. ಅವರ ಕಣ್ಣು ಅರಳುತ್ತದೆ. "ಹೌದಾ? ನಮ್ದೊಂದು ಥರ್ಟಿ ಫಾರ್ಟಿ ಸೈಟ್ ಇದೆ ನೋಡಿ, ಈಸ್ಟ್ ಫೇಸಿಂಗು." ಆಗ ನಾನು ಎಲೆಯ ಮೇಲಿನ ಕೋಸಂಬರಿಯಿಂದ ಹಪ್ಪಳದವರೆಗೆ ಕೈಯಲ್ಲಿ ಅಳೆದು ತೋರಿಸಿ, "ಇಷ್ಟು ಎತ್ತರದ ಮನೆ ಕಣ್ರೀ, ಕಾಗದದ್ದು" ಅನ್ನಬೇಕಾಗುತ್ತದೆ. ಮಾತು ಅಲ್ಲಿಗೆ ಪಾಯಸದ ಕಡೆ ತಿರುಗುತ್ತದೆ.

ನಿಮಗಾದರೂ ಸರಿಯಾಗಿ ಹೇಳಿಬಿಡುತ್ತೇನೆ. ದೊಡ್ಡ ದೊಡ್ಡವರೇ ಮನೆಯ ಒಂದು ಕೋಣೆಯಲ್ಲಿ ಹಲಗೆ ಹಾಸಿ, ಅದರ ಮೇಲೆ ಹಳಿ ಜೋಡಿಸಿ, ಸಣ್ಣ ರೈಲು ಓಡಿಸುತ್ತಾರೆ. ಅದನ್ನು ಆಟಿಕೆ ಅಂದರೆ ಅವರಿಗೆ ಸಿಟ್ಟು ಬರುತ್ತದೆ. ರೈಲೊಂದೇ ಓಡಿದರೆ ಚೆಂದವಿಲ್ಲ, ಪಕ್ಕದಲ್ಲಿ ಸ್ಟೇಷನ್ನು, ನೀರಿನ ಟ್ಯಾಂಕು, ಗೋಡೌನು, ಚಹಾದಂಗಡಿ ಎಲ್ಲ ಬೇಕು. ಅವನ್ನು ನಾನು ಕಂಪ್ಯೂಟರಿನಲ್ಲಿ ಬಿಡಿಸುತ್ತೇನೆ, ನಾಲ್ಕೂ ಗೋಡೆ, ಹೆಂಚು, ಕಿಟಕಿ ಎಲ್ಲವನ್ನೂ ಬಿಚ್ಚಿ ಚಪ್ಪಟೆಯಾಗಿ, ಎರಡು ಮೂರು ಹಾಳೆಗಳಲ್ಲಿ. ಕೊಂಡವರು ತಮ್ಮ ಮನೆಯಲ್ಲೇ ದಪ್ಪ ಕಾಗದದ ಮೇಲೆ ಪ್ರಿಂಟ್ ತೆಗೆದು, ಕತ್ತರಿಸಿ, ಮಡಚಿ, ಅಂಟಿಸಿ ನಿಲ್ಲಿಸಿಕೊಳ್ಳುತ್ತಾರೆ. ನಿಜವಾದ ಕಟ್ಟಡದ ಎಂಬತ್ತೇಳರಲ್ಲಿ ಒಂದು ಪಾಲು. ನಾನು ನೋಡದ ಊರುಗಳಲ್ಲಿ, ಹಿಮ ಬೀಳುವ ಕಡೆ ಕೂಡ, ಯಾರದೋ ಮೇಜಿನ ಮೇಲೆ ನಾನು ಬಿಡಿಸಿದ ಬೋಂಡದಂಗಡಿ ನಿಂತಿದೆ ಎಂದು ನೆನೆದರೆ ನನಗೆ ಈಗಲೂ ಗಲಿಬಿಲಿಯಾಗುತ್ತದೆ.

ಇದೇನು ನಾನು ಓದಿ ಕಲಿತ ವಿದ್ಯೆಯಲ್ಲ. ಹಿರೇಹಳ್ಳಿಯ ರಟ್ಟಿನ ಡಬ್ಬದ ಫ್ಯಾಕ್ಟರಿಯಲ್ಲಿ ಇಪ್ಪತ್ತಾರು ವರ್ಷ ಡಬ್ಬದ ನಕ್ಷೆ ಬಿಡಿಸಿದವಳು ನಾನು. ಊದಿನಕಡ್ಡಿ ಡಬ್ಬ, ಸ್ವೀಟ್ ಡಬ್ಬ, ಪಂಪ್‌ಸೆಟ್ಟಿನ ಬಿಡಿಭಾಗದ ಡಬ್ಬ. ಯಾವ ಡಬ್ಬವನ್ನು ನೋಡಿದರೂ ಅದನ್ನು ಬಿಚ್ಚಿ ಹಾಸಿದರೆ ಹೇಗಿರುತ್ತದೆ ಎಂದು ನನ್ನ ತಲೆಗೆ ತಾನಾಗಿ ಬರುತ್ತದೆ. ಮನೆ ಅಂದರೂ ಮುಚ್ಚಳ ಇಳಿಜಾರಾಗಿರುವ ಡಬ್ಬವೇ ತಾನೆ. ರಿಟೈರಾದ ಮೇಲೆ ಕೈಗೆ ಕೆಲಸವಿಲ್ಲದೆ ಕಂಪ್ಯೂಟರಿನಲ್ಲಿ ಏನೋ ಹುಡುಕುತ್ತ, ಇನ್ನೇನೋ ಸಿಕ್ಕಿ, ಈ ಕಾಗದದ ಮನೆಯವರ ಗುಂಪಿಗೆ ಹೋಗಿ ಬಿದ್ದೆ.

ಆದರೆ ಇಪ್ಪತ್ತಾರು ವರ್ಷ ಫ್ಯಾಕ್ಟರಿಯಲ್ಲಿ ನಾನು ಮುಚ್ಚಿಟ್ಟಿದ್ದ ಒಂದು ಗುಟ್ಟಿದೆ. ನನಗೆ ಎಡ ಯಾವುದು, ಬಲ ಯಾವುದು ಎಂದು ಗೊತ್ತಾಗುವುದಿಲ್ಲ. ನಗಬೇಡಿ. ಆಟೋದವನು "ಲೆಫ್ಟಾ ರೈಟಾ ಮೇಡಂ?" ಎಂದರೆ ನಾನು ಬೆರಳುಗಳನ್ನು ಕೂಡಿಸಿ ತುತ್ತು ಕಲಸಿ ಬಾಯಿಯ ಹತ್ತಿರ ತರುವ ಹಾಗೆ ಮಾಡಿ, ಊಟದ ಕೈ ಯಾವುದೆಂದು ನೋಡಿಕೊಂಡು, ಆಮೇಲೆ ಹೇಳುತ್ತೇನೆ. ಅಷ್ಟರಲ್ಲಿ ತಿರುವು ದಾಟಿರುತ್ತದೆ. ಡಬ್ಬದ ಕೆಲಸದಲ್ಲಿ ಇದು ಪ್ರಾಣಸಂಕಟ. ಕಾಗದದ ಹಿಂಬದಿಯಿಂದ ಗೀರಿದರೆ ಎಲ್ಲವೂ ತಿರುವುಮುರುವು. ನಾನು ಒಂದೊಂದು ನಕ್ಷೆಗೂ ಸಣ್ಣದೊಂದು ಮಾದರಿ ಕತ್ತರಿಸಿ, ಮಡಚಿ ನೋಡಿಯೇ ಮುಂದಕ್ಕೆ ಕೊಡುತ್ತಿದ್ದೆ. ಅದನ್ನು ನೋಡಿ ಸೂಪರ್‌ವೈಸರ್ ನನ್ನನ್ನು ಬಹಳ ಎಚ್ಚರಿಕೆಯ ಹೆಂಗಸು ಎಂದು ಹೊಗಳಿದ್ದರು.

ಈ ರೋಗ ಎಲ್ಲಿಂದ ಬಂತು ಎಂದು ಯೋಚಿಸಿದರೆ ಅಪ್ಪನ ಮೇಲೆ ಹೊರಿಸಬೇಕಾಗುತ್ತದೆ. ಅಪ್ಪ ರೈಲ್ವೆ ಗೇಟ್‌ಮ್ಯಾನ್ ಆಗಿದ್ದವನು. ಗುಬ್ಬಿ ದಾಟಿ ನಿಟ್ಟೂರಿನ ಕಡೆ ಹೋಗುವಾಗ ಒಂದು ಗೇಟಿತ್ತು, ಅದರ ಪಕ್ಕದ ಪುಟ್ಟ ಹೆಂಚಿನ ಮನೆಯಲ್ಲಿ ನಾವಿದ್ದೆವು. ಇಪ್ಪತ್ತೆರಡು ವರ್ಷ ಅಪ್ಪ ಅಲ್ಲೇ ಗೇಟು ಹಾಕಿದ, ತೆಗೆದ. ಆ ಮನೆಯಲ್ಲಿ ಎಡ ಬಲ ಎನ್ನುವ ಮಾತೇ ಇರಲಿಲ್ಲ. ಇದ್ದದ್ದು ಎರಡೇ, ಗುಬ್ಬಿ ಕಡೆ ಮತ್ತು ನಿಟ್ಟೂರು ಕಡೆ. "ಉಪ್ಪಿನ ಡಬ್ಬ ಗುಬ್ಬಿ ಕಡೆ ಗೂಡಲ್ಲಿ ಐತೆ ನೋಡು" ಅನ್ನುತ್ತಿದ್ದಳು ಅಮ್ಮ. "ನಿಟ್ಟೂರು ಕಡೆ ಕಿವಿ ತೋರ್ಸು, ಎಣ್ಣೆ ಬಿಡ್ತೀನಿ" ಅನ್ನುತ್ತಿದ್ದಳು. ಯಾವ ಕಡೆ ಮುಖ ಮಾಡಿ ಕೂತಿದ್ದೇನೆ ಎನ್ನುವುದರ ಮೇಲೆ ನಿಟ್ಟೂರು ಕಡೆಯ ಕಿವಿ ಬದಲಾಗುತ್ತಿತ್ತು, ಆದರೆ ನಿಟ್ಟೂರು ಎಂದೂ ಬದಲಾಗುತ್ತಿರಲಿಲ್ಲ. ನಮಗೆ ಅದೇ ಸಲೀಸಾಗಿತ್ತು.

ಸ್ಕೂಲಿಗೆ ಹೋದಾಗ ಕಷ್ಟ ಶುರುವಾಯಿತು. ಡ್ರಿಲ್ ಮಾಸ್ತರು ಎಡಕ್ಕೆ ತಿರುಗಿ ಅಂದರೆ ಇಡೀ ಸಾಲು ಒಂದು ಕಡೆ, ನಾನೊಬ್ಬಳು ಇನ್ನೊಂದು ಕಡೆ, ಎದುರಿನ ಹುಡುಗಿಯ ಮೂಗಿಗೆ ಮೂಗು ತಾಗಿಸಿಕೊಂಡು ನಿಂತಿರುತ್ತಿದ್ದೆ. ಅಪ್ಪನಿಗೆ ದೂರು ಹೋಯಿತು. ಅಪ್ಪ ಗುಬ್ಬಿಯ ಬಳೆಗಾರನಿಂದ ಹಸಿರು ಬಳೆ ನಾಲ್ಕು, ಕೆಂಪು ಬಳೆ ನಾಲ್ಕು ತಂದ. ಊಟದ ಕೈಗೆ ಹಸಿರು, ಇನ್ನೊಂದಕ್ಕೆ ಕೆಂಪು. "ಹಸ್ರು ಬಾವುಟ ಬಲ, ಕೆಂಪು ಬಾವುಟ ಎಡ. ಮರೀಬೇಡ ಕಣವ್ವ" ಅಂದ. ಗೇಟ್‌ಮ್ಯಾನಿನ ಮಗಳಿಗೆ ಗೇಟ್‌ಮ್ಯಾನಿನ ಉಪಾಯ. ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೆ ಬಳೆಗಳು ಒಂದೊಂದೇ ಒಡೆದು, ಎರಡೂ ಕೈ ಖಾಲಿಯಾಗಿ, ನಾನು ಮತ್ತೆ ಮೊದಲಿನಂತಾದೆ.

ಈಗ ಆ ಗೇಟಿಲ್ಲ. ಹಳಿಯ ಕೆಳಗೆ ಅಂಡರ್‌ಪಾಸ್ ಬಂತು, ಮನೆ ಹೋಯಿತು. ಅಮ್ಮನೂ ಹೋಗಿ ಹನ್ನೊಂದು ವರ್ಷವಾಯಿತು. ಅಪ್ಪನಿಗೆ ಎಂಬತ್ತನಾಲ್ಕು, ನಮ್ಮ ಜೊತೆಯಲ್ಲೇ ಬಟವಾಡಿಯಲ್ಲಿದ್ದಾನೆ. ಕಾಲು ಸ್ವಲ್ಪ ಸೋತಿದೆ, ಕಿವಿ ಪರವಾಗಿಲ್ಲ, ನೆನಪು ಮಾತ್ರ ಗಟ್ಟಿ. ಅಪ್ಪನಿಗೆ ಜಂಬ ಅಂತ ಇದ್ದರೆ ಅದು ಆ ನೆನಪಿನ ಮೇಲೇ. ಅವನ ಕಾಲದ ಒಂದೊಂದು ಗಾಡಿಯೂ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಗೇಟು ದಾಟುತ್ತಿತ್ತು ಎಂದು ಬೆಳಗಿನ ಕಾಫಿ ಆರುವ ತನಕ ಹೇಳುತ್ತಾನೆ. ಪಕ್ಕದ ಮನೆಯವರು ಗ್ಯಾಸ್ ಬುಕ್ ಮಾಡಿದ್ದು ಯಾವಾಗ ಎಂದು ಅವರೇ ಬಂದು ಅಪ್ಪನನ್ನು ಕೇಳಿ ಹೋಗುತ್ತಾರೆ.

ಹೀಗಿರುವಾಗ ನನ್ನ ಗಿರಾಕಿಯೊಬ್ಬರು, ದೂರದ ಚಳಿ ದೇಶದ ರಿಟೈರಾದ ಮೇಷ್ಟ್ರು, ಒಂದು ಮೇಲ್ ಕಳಿಸಿದರು. ಅವರ ಮೇಜಿನ ಮೇಲೆ ಲೆವೆಲ್ ಕ್ರಾಸಿಂಗ್ ಇದೆಯಂತೆ, ಅದಕ್ಕೊಂದು ನಮ್ಮ ಕಡೆಯ ಗೇಟ್‌ಮ್ಯಾನ್ ಮನೆ ಬೇಕಂತೆ. ಇಷ್ಟು ದಿನ ಊರವರ ಗೋಡೌನು, ಅಂಗಡಿ ಎಲ್ಲ ಬಿಡಿಸಿದ್ದೇನೆ, ನಮ್ಮ ಮನೆ ಯಾಕೆ ಬಿಡಿಸಲಿಲ್ಲ ಎಂದು ನನಗೇ ಅರ್ಥವಾಗಲಿಲ್ಲ.

ಅಪ್ಪನಿಗೆ ಹೇಳಿದೆ. "ಯಾರಿಗ್ ಬೇಕಂತೆ ಅದು?" ಅಂದ. ಹೇಳಿದೆ. "ಅಷ್ಟು ದೂರ್ದೋರಿಗೆ ನಮ್ಮನೆ ಯಾಕೆ?" ಅಂದ. ಆದರೆ ಸಂತೋಷವಾಗಿದೆ ಎಂದು ಮುಖದಲ್ಲೇ ಕಾಣುತ್ತಿತ್ತು. ಅಳತೆ ಹೇಗೆ ಎಂದು ಕೇಳಿದರೆ, "ಅಡ್ಡಡ್ಡ ಮಲೀಕಂಡ್ರೆ ನನ್ ತಲೆ ಈ ಗೋಡೆಗೆ, ಕಾಲು ಆ ಗೋಡೆಗೆ ತಾಗ್ತಿತ್ತು. ಉದ್ದುದ್ದ ಅಂದ್ರೆ ನಾನು ಎರಡು, ನಿಮ್ಮವ್ವ ಒಂದು" ಅಂದ. ಹಾಲಿನಲ್ಲಿ ಚಾಪೆ ಹಾಸಿ ಅಪ್ಪನನ್ನು ಮಲಗಿಸಿ ಟೇಪು ಹಿಡಿದೆ. ಯಜಮಾನರು ಕಾಲಿನ ಕಡೆ ಟೇಪಿನ ತುದಿ ಹಿಡಿದುಕೊಂಡರು. ವಯಸ್ಸಿಗೆ ಎರಡು ಇಂಚಾದರೂ ಕುಗ್ಗಿರುತ್ತಾನೆಂದು ಅಷ್ಟು ಸೇರಿಸಿಕೊಂಡೆ. ಅಪ್ಪ ಮಲಗಿದಲ್ಲಿಂದಲೇ, "ಮೂರಿಂಚು ಹಾಕ್ಕೊ, ಆಗ ನಾನು ಜೋರಾಗಿದ್ದೆ" ಅಂದ.

ಅಳತೆಗೆ ಅಪ್ಪ ಸಿಕ್ಕ, ಆಕಾರಕ್ಕೆ ಒಂದು ಫೋಟೋ ಇತ್ತು. ಆ ಮನೆಯ ಒಂದೇ ಒಂದು ಫೋಟೋ. ಕುಣಿಗಲ್ಲಿನ ನಮ್ಮ ಸೋದರಮಾವ ಯಾರದೋ ಕ್ಯಾಮೆರಾ ತಂದು ಹಳಿಯ ಮೇಲೆ ನಿಂತು ತೆಗೆದದ್ದು. ಮನೆಯ ಮುಂದೆ ಬಿಳಿ ಅಂಗಿ ಹಾಕಿಕೊಂಡ ಅಪ್ಪ, ಹೆಗಲ ತುಂಬ ಟವೆಲ್ ಹೊದಿಸಿ ಕೂಸು ಎತ್ತಿಕೊಂಡ ಅಮ್ಮ, ನಡುವೆ ಬಾಯಿ ತೆರೆದುಕೊಂಡು ನಿಂತ ನಾನು. ಅಪ್ಪನಿಗೆ ಈ ಫೋಟೋ ಕಂಡರೆ ಬಹಳ ಇಷ್ಟ. "ಬೇರೆ ಫೋಟೋದಲ್ಲೆಲ್ಲ ಯಾರೋ ಇದ್ದಂಗೆ ಇರ್ತೀನಿ. ಇದೊಂದ್ರಲ್ಲಿ ನಾನೇ ಅವ್ನಿ" ಎಂದು ಹಿಂದಿನಿಂದಲೂ ಹೇಳುತ್ತಿದ್ದ. ಅದಕ್ಕೇ ಅದು ಐವತ್ತು ವರ್ಷದಿಂದ ಗೋಡೆಯಿಂದ ಗೋಡೆಗೆ ನಮ್ಮ ಜೊತೆ ಬಂದಿದೆ.

ಆ ಫೋಟೋ ನೋಡಿಕೊಂಡು ಮೂರು ವಾರ ಕೂತೆ. ಮಧ್ಯ ಬಾಗಿಲು, ಮುಂದೆ ಸಣ್ಣ ಪಡಸಾಲೆ, ಒಂದು ತುದಿಗೆ ಹೊಗೆಗೂಡಿನ ಅಡುಗೆಮನೆ, ಇನ್ನೊಂದು ತುದಿಗೆ ಕಲ್ಲು ಜಗಲಿ. ಸುಣ್ಣದ ಗೋಡೆಗೆ ಮಳೆನೀರು ಇಳಿದ ಕಲೆ ಹಾಕಿದೆ. ಹೆಂಚಿನಲ್ಲಿ ಎರಡನ್ನು ಬೇರೆ ಬಣ್ಣ ಮಾಡಿದೆ, ಕೋತಿ ಒಡೆದು ಹೊಸದು ಹಾಕಿದ್ದು. ಪ್ರಿಂಟ್ ತೆಗೆದು, ಗೀರಿ, ಯಜಮಾನರು ಕತ್ತರಿಸಿ, ನಾನು ಅಂಟಿಸಿ, ಟೀಪಾಯಿಯ ಮೇಲೆ ಇಟ್ಟು ಅಪ್ಪನನ್ನು ಕರೆದೆ.

ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ಜಾಡಿಯಿಂದ ಎರಡು ಪೆನ್ನು ತೆಗೆದು ಪಡಸಾಲೆಯ ಮುಂದೆ ಸಾಲಾಗಿ ಇಟ್ಟ. "ಇದು ಹಳಿ" ಅಂದ. ಒಂದು ಕೈ ಚಾಚಿ, "ಇದು ಗುಬ್ಬಿ" ಅಂದ. ಇನ್ನೊಂದು ಕೈ ಚಾಚಿ, "ಇದು ನಿಟ್ಟೂರು" ಅಂದ. ಆಮೇಲೆ, "ಅಡುಗೆಮನೆ ನಿಟ್ಟೂರು ಕಡೆ ಹೋಗ್ಬುಟ್ಟೈತಲ್ಲವ್ವ. ಗುಬ್ಬಿ ಕಡೆ ಇರ್ಬೇಕು. ಇದು ನಮ್ಮನೆ ಅಲ್ಲ" ಅಂದ.

ನನಗೆ ಮೈಯೆಲ್ಲ ಉರಿಯಿತು. ಮೂರು ವಾರದ ಕೆಲಸ. ಅಲ್ಲದೆ ಎಡ ಬಲದ ವಿಷಯದಲ್ಲಿ ನಾನು ಮೊದಲೇ ಹೆದರುವವಳು, ಹಾಗಾಗಿ ಈ ಸಲ ಊಟದ ಕೈ ನೋಡಿಕೊಂಡು, ಫೋಟೋವನ್ನೂ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟು ಹತ್ತು ಸಲ ಹೋಲಿಸಿದ್ದೆ. ಫೋಟೋ ಗೋಡೆಯಿಂದ ಇಳಿಸಿ ಅಪ್ಪನ ಮುಂದೆ ಹಿಡಿದೆ.

"ನೋಡಪ್ಪ. ಇಲ್ಲಿ ಅಡುಗೆಮನೆ, ಇಲ್ಲೂ ಅಡುಗೆಮನೆ. ಒಂದೇ ಕಡೆ."

"ಬೆಳಗ್ಗೆ ಎದ್ದೇಟ್ಗೆ ಬಿಸ್ಲು ಒಲೆ ಮೇಲೆ ಬೀಳೋದು ಕಣವ್ವ. ಸೂರ್ಯ ಹುಟ್ತಿದ್ದು ಗುಬ್ಬಿ ಕಡೆ" ಅಂದ ಅಪ್ಪ.

"ನಿಂಗೆ ವಯಸ್ಸಾಯ್ತಪ್ಪ. ಮನುಷ್ಯರು ಮರೀತಾರೆ. ಫೋಟೋ ಸುಳ್ಳು ಹೇಳುತ್ತಾ?" ಅಂದೆ.

ಈ ಮಾತನ್ನು ಈಗ ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ. ಅಪ್ಪ ಫೋಟೋ ನೋಡಿದ, ಕಾಗದದ ಮನೆ ನೋಡಿದ, ಮತ್ತೆ ಫೋಟೋ ನೋಡಿದ. ವಾದ ಮಾಡಲಿಲ್ಲ. "ಹೌದಲ್ಲ. ನಂದೇ ತಪ್ಪಿರ್ಬೇಕು ಬುಡು" ಎಂದು ಹೇಳಿ ಪೆನ್ನುಗಳನ್ನು ಜಾಡಿಗೆ ಹಾಕಿ ಒಳಗೆ ಹೋದ.

ಕುಣಿಗಲ್ಲಿಗೆ ಫೋನ್ ಮಾಡಿ ತಂಗಿ ಗಿರಿಜಳನ್ನು ಕೇಳಿದೆ. ಫೋಟೋದಲ್ಲಿರುವ ಕೂಸು ಅವಳೇ. ಫೋಟೋ ತೆಗೆದ ಸೋದರಮಾವನ ಮಗನಿಗೇ ಅವಳನ್ನು ಕೊಟ್ಟಿರುವುದು. "ಅಡುಗೆಮನೆ ಹಿಂದ್ಗಡೆ ಇತ್ತು ಕಣೆ. ಪಕ್ಕದಲ್ಲಿ ದನದ ಕೊಟ್ಟಿಗೆ" ಅಂದಳು. ನಮ್ಮ ಗೇಟಿನ ಮನೆಯಲ್ಲಿ ಒಂದು ಕೋಳಿಯೂ ಇರಲಿಲ್ಲ. ಗಿರಿಜ ಬೆಳೆದದ್ದೆಲ್ಲ ಸಿ.ಎಸ್. ಪುರದ ಅಜ್ಜಿಯ ಮನೆಯಲ್ಲಿ, ಅವಳು ಹೇಳುತ್ತಿದ್ದದ್ದು ಅದನ್ನು. "ಅಪ್ಪಂಗೆ ಎದುರು ಮಾತಾಡ್ಬೇಡ, ಹೂಂ ಅಂದ್ಬಿಡು" ಎಂದು ಬುದ್ಧಿಯನ್ನೂ ಹೇಳಿದಳು. ಆದರೆ ಹೂಂ ಅನ್ನುವುದಕ್ಕೆ ಅಪ್ಪ ಏನಾದರೂ ಹೇಳಬೇಕಲ್ಲ. ಅಪ್ಪನೇ ಈಗ ಎಲ್ಲದಕ್ಕೂ ಹೂಂ ಅನ್ನುತ್ತಿದ್ದ.

ಮೊದಲು ನಿಂತದ್ದು ಬೆಳಗಿನ ಗಾಡಿಗಳ ಲೆಕ್ಕ. ಕಾಫಿ ಕುಡಿದು ಲೋಟ ಕೆಳಗಿಟ್ಟು ಸುಮ್ಮನೆ ಕೂರುತ್ತಿದ್ದ. ಆಮೇಲೆ, "ನಾನು ಮಾತ್ರೆ ನುಂಗಿದ್ನಾ?" ಎಂದು ಕೇಳತೊಡಗಿದ. ನುಂಗಿದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಮಾತ್ರೆಯ ಖಾಲಿ ಪಟ್ಟಿ ಕೈಯಲ್ಲೇ ಇರುತ್ತಿತ್ತು, ಆದರೂ ನಮ್ಮನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದ. ಪಕ್ಕದ ಮನೆಯವರು ಬಂದು ಗ್ಯಾಸಿನ ತಾರೀಖು ಕೇಳಿದರೆ, "ನನ್ನೇನ್ ಕೇಳ್ತೀಯ ತಾಯಿ, ನಂಗೆ ಈಗ ಅಷ್ಟು ನೆಪ್ಪಿರಲ್ಲ" ಅಂದುಬಿಟ್ಟ. ಯಜಮಾನರು ನನ್ನ ಮುಖ ನೋಡಿದರು. ಡಾಕ್ಟರಿಗೆ ತೋರಿಸೋಣವೇ ಎಂದರು. ಒಂದು ಅಡುಗೆಮನೆಯಿಂದ ಇಷ್ಟೆಲ್ಲ ಆಗುತ್ತದೆಂದು ನನಗೆ ತಿಳಿದಿರಲಿಲ್ಲ. ಮನೆಯ ನಕ್ಷೆಯ ಹಾಳೆಗಳನ್ನು ಚಳಿ ದೇಶದ ಮೇಷ್ಟ್ರಿಗೆ ಕಳಿಸಿಯೂ ಆಗಿತ್ತು. ಅವರು ಕಟ್ಟಿ ಮುಗಿಸಿ, ಬಹಳ ಚೆನ್ನಾಗಿದೆ ಎಂದು ಚಿತ್ರ ಕಳಿಸಿದರು. ನನಗೆ ಅದನ್ನು ನೋಡಿ ಖುಷಿಪಡಬೇಕೋ ಏನು ಮಾಡಬೇಕೋ ತೋಚಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಪ್ಪನ ಅಂಗಿ ಇಸ್ತ್ರಿ ಮಾಡುತ್ತಿದ್ದೆ. ಇಸ್ತ್ರಿ ಮೇಜು ಫೋಟೋದ ಗೋಡೆಗೆ ಎದುರಾಗಿದೆ. ಎದುರುಗಡೆ ಒಂದು ಪಕ್ಕಕ್ಕೆ ಬೀರು, ಇನ್ನೊಂದು ಪಕ್ಕಕ್ಕೆ ಬಾಗಿಲು. ಕಾಲರನ್ನು ಗೋಡೆಯ ಕಡೆ ಮಾಡಿ ಅಂಗಿ ಹರಡಿ, ಜೇಬಿನ ಮೇಲೆ ಪೆಟ್ಟಿಗೆ ಒತ್ತಿದೆ. ಜೇಬು ಬೀರುವಿನ ಕಡೆಗಿತ್ತು. ತಲೆಯೆತ್ತಿ ನೋಡಿದರೆ ಫೋಟೋದಲ್ಲಿ ಬಿಳಿ ಅಂಗಿಯ ಅಪ್ಪ, ಅವನ ಜೇಬು ಬಾಗಿಲ ಕಡೆಗೆ. ಮತ್ತೆ ಕೆಳಗೆ ನೋಡಿದೆ. ಬೀರು. ಮೇಲೆ ನೋಡಿದೆ. ಬಾಗಿಲು.

ನನ್ನ ತಲೆಯ ಮೇಲೆ ನನಗೆ ನಂಬಿಕೆಯಿಲ್ಲ, ನಿಮಗೆ ಗೊತ್ತೇ ಇದೆ. ಬೀರು ತೆಗೆದು ಅಪ್ಪನ ಅಂಗಿ ಆರು, ಯಜಮಾನರ ಅಂಗಿ ಒಂಬತ್ತು ಮಂಚದ ಮೇಲೆ ಹಾಸಿದೆ. ಹದಿನೈದರಲ್ಲೂ ಜೇಬು ಒಂದೇ ಕಡೆ. ಯಜಮಾನರು ಬಂದು, "ಯಾವೂರಿಗೆ ಹೊರಟ್ವಿ?" ಅಂದರು. ಅವರನ್ನೇ ನಿಲ್ಲಿಸಿ, ಒಂದು ಅಂಗಿ ತೊಡಿಸಿ, ತುತ್ತು ಕಲಸಿ ತೋರಿಸಿ ಎಂದೆ. ಕಲಸಿದರು. ಊಟದ ಕೈಯ ಎದುರು ಪಕ್ಕಕ್ಕೆ ಜೇಬು, ಗುಂಡಿಗೆ ಹೊಡೆದುಕೊಳ್ಳುವ ಕಡೆ. ಫೋಟೋದ ಅಪ್ಪನಿಗೆ ಮಾತ್ರ ಜೇಬು ಊಟದ ಕೈಯ ಕಡೆಗಿತ್ತು. ಸ್ಟುಡಿಯೋದಲ್ಲಿ ಯಾರೋ ನೆಗೆಟಿವ್ವನ್ನು ಮಗುಚಿ ಹಾಕಿ ಪ್ರಿಂಟ್ ತೆಗೆದಿದ್ದರು. ಐವತ್ತು ವರ್ಷ ನಾವು ಕಣ್ಣೆದುರು ತೂಗುಹಾಕಿಕೊಂಡಿದ್ದು ಮಗುಚಿದ ಫೋಟೋ.

ಫೋಟೋ ಎತ್ತಿಕೊಂಡು ಬಚ್ಚಲುಮನೆಯ ಕನ್ನಡಿಗೆ ಹಿಡಿದೆ. ಅಡುಗೆಮನೆ ಗುಬ್ಬಿ ಕಡೆ ಬಂತು. ಜಗಲಿ ನಿಟ್ಟೂರು ಕಡೆ ಹೋಯಿತು. ಆಗ ಅಮ್ಮನನ್ನು ನೋಡಿದೆ. ನಾನು ಇಷ್ಟು ವರ್ಷ ನೋಡಿದ ಗೋಡೆಯ ಅಮ್ಮನಿಗಿಂತ ಕನ್ನಡಿಯ ಅಮ್ಮ ಹೆಚ್ಚು ಅಮ್ಮನ ಹಾಗಿದ್ದಳು. ಸ್ವಲ್ಪ ಓರೆ ಮಾಡಿದ ತಲೆ, ಹುಬ್ಬಿನ ಮೇಲಿನ ಮಚ್ಚೆ, ಎಲ್ಲ ಇರಬೇಕಾದಲ್ಲಿ ಇದ್ದವು. ಅಲ್ಲೇ ಬಕೆಟ್ಟಿನ ಪಕ್ಕ ನಿಂತು ಅತ್ತೆ. ಅಪ್ಪನ ಬೈತಲೆಯೂ ನಾವು ನೋಡುವ ಕಡೆಗೇ ಬಂತು, ಅವನು ಕನ್ನಡಿಯಲ್ಲಿ ನೋಡಿಕೊಳ್ಳುವ ಕಡೆಗಲ್ಲ. ಇದೊಂದರಲ್ಲೇ ನಾನು ನಾನಾಗಿದ್ದೇನೆ ಎಂದು ಅವನು ಯಾಕೆ ಹೇಳುತ್ತಿದ್ದ ಎಂದು ಆಗ ತಿಳಿಯಿತು. ಕ್ಷೌರಕ್ಕೆ ಕೂತಾಗ ಕನ್ನಡಿಯಲ್ಲಿ ದಿನಾ ನೋಡಿಕೊಂಡ ಮುಖವೇ ಆ ಫೋಟೋದಲ್ಲಿ ಬಂದಿತ್ತು.

ಅಪ್ಪ ಹೊರಗೆ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಎಲ್ಲ ಹೇಳಿದೆ. ಜೇಬು, ನೆಗೆಟಿವ್, ಕನ್ನಡಿ. ಹೇಳುವಾಗ ನಾನೇ ಎರಡು ಸಲ ಗುಬ್ಬಿ ನಿಟ್ಟೂರು ಅದಲು ಬದಲು ಮಾಡಿದೆ. "ನೀನು ಹೇಳಿದ್ದೇ ಸರಿ ಅಪ್ಪ. ಫೋಟೋನೇ ತಪ್ಪು. ನಾನು ಹಂಗೆ ಮಾತಾಡ್ಬಾರ್ದಿತ್ತು" ಅಂದೆ.

ಅಪ್ಪ ತನ್ನ ಅಂಗಿಯ ಜೇಬನ್ನು ಮುಟ್ಟಿ ನೋಡಿಕೊಂಡ.

"ಹಂಗಾರೆ ನಂಗೇನೂ ಆಗಿಲ್ವಾ?" ಅಂದ.

ಇದನ್ನೇ ಕೇಳಲು ಅವನು ಇಷ್ಟು ದಿನ ಕಾಯುತ್ತಿದ್ದ ಎಂದು ನನಗೆ ಗೊತ್ತಿರಲಿಲ್ಲ. "ಏನೂ ಆಗಿಲ್ಲಪ್ಪ" ಅಂದೆ.

ಅದೇ ದಿನ ನಕ್ಷೆಯನ್ನು ಮಗುಚಿ ಹೊಸ ಪ್ರಿಂಟ್ ತೆಗೆದೆ. ಕಂಪ್ಯೂಟರಿನಲ್ಲಿ ಇದು ಒಂದು ಗುಂಡಿ ಒತ್ತುವ ಕೆಲಸ, ಆದರೆ ಮಗುಚಿದಾಗ ನಾನು ನೆನಪಿನಿಂದ ಹಾಕಿದ್ದ ಕೋತಿ ಒಡೆದ ಹೆಂಚು, ಮಳೆನೀರಿನ ಕಲೆ ಎಲ್ಲವೂ ಮಗುಚಿದವು. ಅವುಗಳಲ್ಲಿ ಯಾವುದು ಎಲ್ಲಿತ್ತು ಎಂದು ಅಪ್ಪನ ಪಕ್ಕ ಕೂತು ಒಂದೊಂದಾಗಿ ಕೇಳಿ ಸರಿಮಾಡಿದೆ. ಈ ಸಲ ನಾನು ಹೂಂ ಅನ್ನುವುದು ಬಿಟ್ಟು ಬೇರೇನೂ ಹೇಳಲಿಲ್ಲ. ಮೇಷ್ಟ್ರಿಗೂ ಹೊಸದನ್ನು ಕಳಿಸಿ ತಪ್ಪಾಯಿತೆಂದು ಬರೆದೆ. ಎರಡನ್ನೂ ಇಟ್ಟುಕೊಳ್ಳುತ್ತೇನೆ, ಹಳಿಯ ಆ ಕಡೆಗೊಂದು ಈ ಕಡೆಗೊಂದು ಎಂದು ಅವರು ಬರೆದರು. ಅವರ ಗೇಟಿಗೆ ಇಬ್ಬರು ಗೇಟ್‌ಮ್ಯಾನ್ ಆದರು.

ಹೊಸ ಮನೆಯನ್ನೂ ಹಳೆಯದನ್ನೂ ಟೀಪಾಯಿಯ ಮೇಲೆ ಪಕ್ಕಪಕ್ಕ ಇಟ್ಟಿದ್ದೆ. ಕಾಫಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಯಜಮಾನರು ಪೇಪರು ಹುಡುಕಲು ಎರಡನ್ನೂ ಎತ್ತಿ ಹೇಗೆ ಬೇಕೋ ಹಾಗೆ ಇಟ್ಟಿದ್ದರು. ಯಾವುದು ಸರಿ, ಯಾವುದು ತಪ್ಪು ಎಂದು ನನಗೆ ತಿಳಿಯಲಿಲ್ಲ. ತಟ್ಟೆ ಕೆಳಗಿಟ್ಟು ತುತ್ತು ಕಲಸತೊಡಗಿದೆ. ಅಪ್ಪ ನೋಡಿ ನಕ್ಕ. ಅವನು ನಕ್ಕು ಎಷ್ಟೋ ದಿನವಾಗಿತ್ತು.

"ಬಳೆ ತಂದ್ಕೊಡ್ಲಾ?" ಅಂದ.

ಒಂದು ಮನೆಯನ್ನು ಎತ್ತಿ ಪಡಸಾಲೆಯನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದ. ಕ್ಷಣವೂ ಹಿಡಿಯಲಿಲ್ಲ. "ಇದು ನಮ್ಮನೆ" ಎಂದು ಮುಂದಕ್ಕಿಟ್ಟ. "ನೀನು ಮತ್ತೆ ಮರ್ತೋಗ್ತೀಯ. ತಡಿ, ಬರ್ದು ಮಡಗ್ತೀನಿ" ಎಂದು ಜಾಡಿಗೆ ಕೈಹಾಕಿ ಒಂದು ಪೆನ್ನು ತೆಗೆದ. ಮನೆಯನ್ನು ಮಗುಚಿ, ಅಡುಗೆಮನೆಯ ತಳದ ಬಿಳಿ ಕಾಗದದ ಮೇಲೆ, ಗೇಟಿನ ರಿಜಿಸ್ಟರಿನಲ್ಲಿ ಬರೆಯುತ್ತಿದ್ದ ಹಾಗೆಯೇ ಒತ್ತಿ ಒತ್ತಿ, ನಿಧಾನವಾಗಿ ಬರೆದ. ಬರೆದು ಮುಗಿಸಿ ಕಣ್ಣಿನ ಹತ್ತಿರ ತಂದು ನೋಡಿದ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ. ಮುಖ ಇಳಿಯಿತು.

"ಬರ್ದ್ನಲ್ಲ" ಅಂದ. "ಬರ್ದಿಲ್ವಾ? ಏನೂ ಕಾಣ್ತಿಲ್ವಲ್ಲವ್ವ."

"ಬರ್ದೆ ಅಪ್ಪ, ನಾನ್ ನೋಡ್ದೆ" ಅಂದೆ. "ಪೆನ್ನಲ್ಲಿ ಇಂಕಿಲ್ಲ, ಅಷ್ಟೇ."

ಅವನ ತೋರುಬೆರಳು ಹಿಡಿದು ಕಾಗದದ ಮೇಲೆ ಇಟ್ಟೆ. ಬೆರಳು ಒಂದೊಂದು ಅಕ್ಷರದ ಹಳ್ಳದಲ್ಲೂ ಇಳಿದು ಏರುತ್ತ ಮೆಲ್ಲಗೆ ಮುಂದೆ ಹೋಯಿತು. ಗುಬ್ಬಿ ಕಡೆ.